ಕಿತ್ತೂರಿನ ಕಥೆ ಎಲ್ಲಿಗೆ ಮುಗಿಯಬೇಕು? ಬೆಳಗಾವಿಯ ಒಂದು ಮಕ್ಕಳ ಪುಸ್ತಕ ಕಪಾಟು

ಬೆಳಗಾವಿ ಪೇಟೆಯ ಈ ಪುಸ್ತಕದಂಗಡಿಯಲ್ಲಿ ಸಾಹಸ ಕಥೆಗಳಿಗೆಂದೇ ಒಂದು ಕಪಾಟಿದೆ. ಮಕ್ಕಳ ಕೈಗೆ ಎಟಕುವಷ್ಟು ಕೆಳಗಿದೆ, ತೆಗೆದು ಓದಿದರೆ ಯಾರೂ ಗದರುವುದಿಲ್ಲ. ಅಷ್ಟಕ್ಕೇ ಒಂದು ಸ್ಟಾರ್ ಹೆಚ್ಚು ಕೊಡಬಹುದು.

ಕಪಾಟಿನ ತುಂಬ ಕಿತ್ತೂರಿನ ಚಿತ್ರಕಥೆಗಳೇ. ತಕರಾರೂ ಅವುಗಳ ಮೇಲೆಯೇ. ಹೆಚ್ಚಿನವು 1824ರ ಅಕ್ಟೋಬರ್ 23ರಂದು ಧಾರವಾಡದ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಬಿದ್ದ ಕೂಡಲೇ ಜಯಕಾರ ಹಾಕಿ ಮುಗಿದುಬಿಡುತ್ತವೆ. ಡಿಸೆಂಬರಿನಲ್ಲಿ ಬ್ರಿಟಿಷರು ದೊಡ್ಡ ಸೈನ್ಯ ತಂದು ಕೋಟೆ ಹಿಡಿದದ್ದು, ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲೇ 1829ರಲ್ಲಿ ತೀರಿಕೊಂಡದ್ದು ಕೊನೇ ಪುಟದ ಮೂಲೆಯಲ್ಲಿ ಎರಡು ಸಾಲು. ಛಲದ ಕಥೆ ಶುರುವಾಗುವುದೇ ಅಲ್ಲಿಂದ. ಕೋಟೆ ಕೈಬಿಟ್ಟ ಮೇಲೂ ಸಂಗೊಳ್ಳಿ ರಾಯಣ್ಣ ಜನ ಕೂಡಿಸಿದ, ಸರ್ಕಾರಿ ಕಚೇರಿ ಸುಟ್ಟ, ಖಜಾನೆ ಲೂಟಿ ಮಾಡಿದ. ಮೋಸದಿಂದ ಸಿಕ್ಕಿಬಿದ್ದು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದ. ಈ ಭಾಗಕ್ಕೆ ಕನಿಷ್ಠ ಮೂರನೇ ಒಂದು ಪಾಲು ಪುಟ ಕೊಟ್ಟಿರುವ ಪುಸ್ತಕವನ್ನೇ ಹುಡುಕಿ ಕೊಳ್ಳಿ. ಚಿತ್ರಗಳನ್ನೂ ಗಮನಿಸಿ, ಒಂದು ಪುಸ್ತಕದಲ್ಲಂತೂ ರಾಯಣ್ಣನ ಕಾಲಿಗೆ ಇಂದಿನ ಪೊಲೀಸರ ಬೂಟು ತೊಡಿಸಿದ್ದಾರೆ!

ಕಾಡು, ಗುಹೆ, ಕಳ್ಳರ ಬೆನ್ನಟ್ಟುವ ಕಾಲ್ಪನಿಕ ಕಥೆಗಳಲ್ಲಿ ನೇರ ನಡುಪುಟಕ್ಕೆ ಹೋಗಿ. ಹುಡುಗಿಯ ಮೊದಲ ಉಪಾಯ ಕೆಟ್ಟು, ಅದು ಯಾಕೆ ಕೆಟ್ಟಿತೆಂದು ಅವಳೇ ಲೆಕ್ಕಹಾಕುತ್ತಿದ್ದರೆ ಪುಸ್ತಕ ಗಟ್ಟಿ. ಹೆದರಿಕೆಯೇ ಇಲ್ಲದ ನಾಯಕ, ಸಿಕ್ಕಿಬಿದ್ದಾಗ ಸರಿಯಾಗಿ ಬಂದಿಳಿಯುವ ಇನ್‌ಸ್ಪೆಕ್ಟರ್ ಮಾಮಾ ಇದ್ದರೆ ವಾಪಸ್ ಇಡಿ.

ಅಚ್ಚನ್ನೂ ನೋಡಬೇಕು. ಆರೇಳು ವರ್ಷದವರಿಗೆ 16 ಪಾಯಿಂಟಿಗಿಂತ ಸಣ್ಣ ಅಕ್ಷರ ಬೇಡ. ಸಾಲುಗಳ ನಡುವೆ ಜಾಗ ಸಾಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ‘ರಾಷ್ಟ್ರ’, ‘ಶಸ್ತ್ರ’ದಂಥ ಪದ ಬಂದಲ್ಲೆಲ್ಲ ಮಗು ತಡವರಿಸುತ್ತದೆ, ದೊಡ್ಡವರು ಓದು ಬರುವುದಿಲ್ಲ ಎಂದು ಬೈಯುತ್ತಾರೆ. ಕಾಗದ ತೆಳ್ಳಗಿದ್ದರೆ ಹಿಂದಿನ ಪುಟದ ಚಿತ್ರ ಮುಂದೆ ಮೂಡುತ್ತದೆ. ತೆಳು ಪುಸ್ತಕಗಳಿಗೆ ನಡುವೆ ಪಿನ್ ಹೊಡೆದದ್ದೇ ಬಾಳಿಕೆ. ದಪ್ಪ ಪುಸ್ತಕವಾದರೆ ನಡುವೆ ಬಿಡಿಸಿ ಬೆನ್ನಿನೊಳಗೆ ದಾರದ ಹೊಲಿಗೆ ಇದೆಯೇ ನೋಡಿ. ಬರೀ ಅಂಟು ಹಾಕಿದ್ದು ನಾಲ್ಕು ಕೈ ದಾಟುವಷ್ಟರಲ್ಲಿ ಪುಟ ಉದುರಿಸುತ್ತದೆ, ಅದೂ ಮೊದಲು ಚಿತ್ರದ ಪುಟಗಳನ್ನೇ.

ಅಂಗಡಿಯವರು ವಯಸ್ಸಿಗೆ ತಕ್ಕಂತೆ ಪುಸ್ತಕ ಬೇರ್ಪಡಿಸಿಲ್ಲ, ಮುದ್ರಣ ದೋಷವಿದ್ದರೂ ಬದಲಿಸಿ ಕೊಡುವುದಿಲ್ಲ. ಬಿಲ್ ಹಾಕಿಸುವ ಮೊದಲೇ ಪುಟಸಂಖ್ಯೆ ಕ್ರಮವಾಗಿದೆಯೇ ಎಂದು ಒಮ್ಮೆ ತಿರುವಿ ನೋಡಿಕೊಳ್ಳಿ.