ಬೇಡ ಅನ್ನೋಕೆ ಅವಳಿಗೆ ಆಗುತ್ತಾ? ಅನ್ಯಗ್ರಹದ ಮೂವರು ಹೀರೋಗಳನ್ನು ಓದಿ ನೋಡಿದೆ

ದಿನಾ ಮಂಡ್ಯದಿಂದ ಮೈಸೂರಿಗೆ ರೈಲಿನಲ್ಲಿ ಕೆಲಸಕ್ಕೆ ಹೋಗಿ ಬರುತ್ತೇನೆ. ಸೀಟು ಸಿಕ್ಕರೆ ಪುಸ್ತಕ, ಸಿಗದಿದ್ದರೆ ಬಾಗಿಲ ಹತ್ತಿರ ಒರಗಿಕೊಂಡು ಫೋನಿನಲ್ಲಿ ಓದು. ಹೋದ ಮೂರು ತಿಂಗಳು ಓದಿದ್ದೆಲ್ಲ ಒಂದೇ ಬಗೆಯವು. ಹೀರೋ ಬೇರೆ ಗ್ರಹದವನು, ಕಥೆ ಪ್ರೀತಿಯದು, ಕೊನೆಗೆ ಇಬ್ಬರೂ ಒಂದಾಗುವುದು ಗ್ಯಾರಂಟಿ. ಇಂಗ್ಲಿಷಿನಲ್ಲಿ ಇಂಥವು ರಾಶಿ ರಾಶಿ ಇವೆ. ಹತ್ತು ಹನ್ನೆರಡು ಓದಿದೆ, ಅದರಲ್ಲಿ ಮೂರನ್ನು ಇಲ್ಲಿ ಪಕ್ಕಪಕ್ಕ ಇಡುತ್ತೇನೆ. ಮೂರೂ ಬೇರೆ ಬೇರೆ ಕಾಲದವು, ಮೂರೂ ಮೂರು ತರದ ಗಂಡಸರು. ಯಾವುದರಿಂದ ಶುರು ಮಾಡಲಿ ಅಂತ ಕೇಳುವವರಿಗೆ ಇಷ್ಟು ಸಾಕು.

ಮೊದಲನೆಯದು ಜೊಹಾನಾ ಲಿಂಡ್ಸೆ ಬರೆದ ‘ವಾರಿಯರ್ಸ್ ವುಮನ್’, 1990ರದ್ದು. ಎರಡನೆಯದು ಸೂಸನ್ ಗ್ರಾಂಟ್ ಅವರ ‘ದಿ ಸ್ಟಾರ್ ಕಿಂಗ್’, 2000ದ್ದು. ಮೂರನೆಯದು ರೂಬಿ ಡಿಕ್ಸನ್ ಅವರ ‘ಐಸ್ ಪ್ಲಾನೆಟ್ ಬಾರ್ಬೇರಿಯನ್ಸ್’. ಇದನ್ನು 2015ರಲ್ಲಿ ಲೇಖಕಿ ತಾವೇ ಕಂತು ಕಂತಾಗಿ ಹೊರತಂದರು. 2021ರಲ್ಲಿ ಟಿಕ್‌ಟಾಕ್‌ನಲ್ಲಿ ಓದುಗರು ಎತ್ತಿ ಆಡಿಸಿದ ಮೇಲೆ ದೊಡ್ಡ ಪ್ರಕಾಶನದವರು ಮತ್ತೆ ಅಚ್ಚು ಹಾಕಿದರು. ನಮ್ಮಲ್ಲಿ ಟಿಕ್‌ಟಾಕ್ 2020ರಲ್ಲೇ ಬಂದ್ ಆಗಿತ್ತಲ್ಲ, ಹಾಗಾಗಿ ಆ ಗದ್ದಲ ನಮ್ಮ ಮನೆಗೆ ಮುಟ್ಟಿದ್ದು ತಡವಾಗಿ, ಅದೂ ಅತ್ತಿಗೆಯ ಫೋನಿನ ಮೂಲಕ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮೂರೂ ದೊಡ್ಡವರಿಗೆ ಬರೆದವು. ಮಲಗುವ ಕೋಣೆಯ ಬಾಗಿಲು ಯಾವುದರಲ್ಲೂ ಮುಚ್ಚುವುದಿಲ್ಲ, ಮೂರನೆಯದರಲ್ಲಂತೂ ಪದೇಪದೇ ತೆರೆದಿರುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಕೈಗೆ ಸಿಗದ ಹಾಗೆ ಇಡಿ.

ನಾನು ಎರಡೇ ವಿಷಯ ನೋಡಿದೆ. ಮೊದಲನೆಯದನ್ನು ಕಲಿತಿದ್ದು ನಮ್ಮ ಮೈಸೂರಿನ ತ್ರಿವೇಣಿಯವರಿಂದ. ‘ಬೆಳ್ಳಿಮೋಡ’ದ ಇಂದಿರಾಳನ್ನು ನೆನಪು ಮಾಡಿಕೊಳ್ಳಿ. ಆಸ್ತಿ ಕೈ ತಪ್ಪಿತು ಅಂತ ಬಿಟ್ಟು ಹೋದವನು ಮನಸ್ಸು ಬದಲಾಯಿಸಿ ಬಂದಾಗ ಅವಳು ಬೇಡ ಅನ್ನುತ್ತಾಳೆ. ಅವಳು ಬೇಡ ಅನ್ನಬಲ್ಲಳು ಅಂತ ಗೊತ್ತಿರುವುದರಿಂದಲೇ ಅವಳ ಮೊದಲಿನ ಪ್ರೀತಿಗೆ ತೂಕ. ಹಾಗಾಗಿ ಯಾವ ಪ್ರೇಮಕಥೆ ಹಿಡಿದರೂ ಮೊದಲು ಕೇಳಿಕೊಳ್ಳುವುದು ಇದೇ: ಈ ಹುಡುಗಿಗೆ ಬೇಡ ಅನ್ನೋಕೆ ದಾರಿ ಇದೆಯಾ? ಎರಡನೆಯದು ತವರು. ಭೂಮಿ ಬಿಟ್ಟು ಹೋದವಳಿಗೆ ತವರಿನ ನೆನಪು ಬರುತ್ತಾ, ಬಂದರೆ ಎಷ್ಟು ಪುಟ? ಹೀರೋಗೆ ಕೊಂಬಿದೆಯಾ, ಬಾಲ ಇದೆಯಾ ಅನ್ನುವುದೆಲ್ಲ ಆಮೇಲಿನ ಮಾತು.

‘ವಾರಿಯರ್ಸ್ ವುಮನ್’ ನನಗೆ ಸಿಕ್ಕಿದ್ದು ಮೈಸೂರಿನ ಒಂದು ಹಳೆ ಪುಸ್ತಕದ ಅಂಗಡಿಯಲ್ಲಿ. ಪುಟಗಳು ಹಳದಿಯಾಗಿದ್ದವು, ಬೆನ್ನಿಗೆ ಸೆಲೋಟೇಪು. ಕಥೆ ಶುರುವಾಗುವಾಗ ಎಷ್ಟು ಚೆನ್ನಾಗಿದೆ ಗೊತ್ತಾ! ಟೆಡ್ರಾ ಅಂತ ಹೆಣ್ಣು. ತನ್ನ ಗ್ರಹದ ಕಾವಲು ಪಡೆಯವಳು, ಹೊಡೆದಾಟದಲ್ಲಿ ಗಂಡಸರನ್ನು ಸಲೀಸಾಗಿ ಕೆಡವುವವಳು. ಜೊತೆಗೆ ಮಾರ್ಥಾ ಅನ್ನುವ ಬಾಯಿ ಜೋರಿನ ಕಂಪ್ಯೂಟರು. ಈ ಮಾರ್ಥಾ ಒಬ್ಬಳಿಗೋಸ್ಕರವೇ ಪುಸ್ತಕ ಕೊಳ್ಳಬಹುದು. ಅವರಿಬ್ಬರ ಮಾತುಕತೆ ಓದುತ್ತಾ ನಾನು ಎಲಿಯೂರು ದಾಟಿದ್ದೂ ಗೊತ್ತಾಗಲಿಲ್ಲ, ಪಾಂಡವಪುರ ದಾಟಿದ್ದೂ ಗೊತ್ತಾಗಲಿಲ್ಲ. ಆಮೇಲೆ ಹೀರೋ ಚಾಲೆನ್ ಬರುತ್ತಾನೆ. ಏಳಡಿ ಎತ್ತರ, ಬಂಗಾರದ ಬಣ್ಣ, ಕತ್ತಿ ಹಿಡಿದ ಯೋಧ. ಅವಳು ಪಂದ್ಯ ಕಟ್ಟಿ ಅವನೊಂದಿಗೆ ಹೊಡೆದಾಡಿ ಸೋಲುತ್ತಾಳೆ. ಸೋತವಳು ಒಂದು ತಿಂಗಳು ಅವನ ಮಾತು ಕೇಳಬೇಕು.

ಅಲ್ಲಿಂದ ಮುಂದೆ ನನಗೆ ಹೊಟ್ಟೆಯಲ್ಲಿ ಸಂಕಟ. ಅವನ ಊರಲ್ಲಿ ಹೆಂಗಸು ಒಬ್ಬ ಗಂಡಸಿನ ಆಸರೆಯಲ್ಲೇ ಇರಬೇಕು, ಮಾತು ಮೀರಿದರೆ ಶಿಕ್ಷೆ, ಆ ಶಿಕ್ಷೆಯೂ ಅವಳ ಆಸೆಯನ್ನೇ ಅವಳ ಮೇಲೆ ತಿರುಗಿಸುವಂಥದ್ದು. ಇದನ್ನು ಲೇಖಕಿ ಸರಸದ ಹಾಗೆ ಬರೆಯುತ್ತಾ ಹೋಗುತ್ತಾರೆ. ನನ್ನ ಪ್ರತಿಯಲ್ಲಿ ಆ ಪುಟದ ಅಂಚಿಗೆ ಯಾರೋ ಪೆನ್ಸಿಲಿನಲ್ಲಿ ಕನ್ನಡದಲ್ಲಿ ಬರೆದಿದ್ದರು: “ಯಾಕೆ ಸುಮ್ನಿದಾಳೆ?” ಅಕ್ಷರ ದುಂಡಗೆ, ಕೊನೆಯ ಪ್ರಶ್ನೆ ಗುರುತನ್ನು ಒತ್ತಿ ಬರೆದು ಕಾಗದ ಹಿಂಬದಿಗೆ ಉಬ್ಬಿತ್ತು. ಯಾರೋ, ಯಾವಾಗಲೋ, ನನ್ನ ಹಾಗೇ ಇದೇ ಪುಟದಲ್ಲಿ ನಿಂತು ಕೇಳಿದ್ದಾರೆ. ಅಷ್ಟು ಗಟ್ಟಿಯಾದ ಹೆಣ್ಣನ್ನು ಮೊದಲ ಅಧ್ಯಾಯಗಳಲ್ಲಿ ಕಟ್ಟಿ ನಿಲ್ಲಿಸಿ, ಬರೀ ಬಗ್ಗಿಸುವುದಕ್ಕೋಸ್ಕರ ಕಟ್ಟಿದ್ದು ಅಂತ ಗೊತ್ತಾದಾಗ ಬೇಜಾರಾಗುತ್ತದೆ. ಇಷ್ಟಕ್ಕೂ ಅವನು ಅನ್ಯಗ್ರಹದವನು ಯಾಕಾಗಬೇಕಿತ್ತು? ಗ್ರಹ ತೆಗೆದು ಹಳೆಯ ಕಾಲದ ಯಾವುದೋ ಕೋಟೆ ಇಟ್ಟರೂ ಕಥೆ ಒಂದಿಂಚೂ ಅಲುಗಾಡುವುದಿಲ್ಲ. ಈ ದೌರ್ಜನ್ಯವನ್ನು ಭೂಮಿಯ ಗಂಡಸು ಮಾಡಿದರೆ ಓದುಗರು ಒಪ್ಪಲ್ಲ, ‘ಅವರ ಗ್ರಹದ ಪದ್ಧತಿ ಹಾಗೆ’ ಅಂದರೆ ಒಪ್ಪುತ್ತಾರೆ. ಈ ಜಾತಿಯ ಕಾದಂಬರಿಗಳ ದೊಡ್ಡ ಕೊರತೆಯೇ ಇದು. ಹಳೆಯವುಗಳಲ್ಲಿ ಜಾಸ್ತಿ, ಹೊಸವುಗಳಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೂ ಇಲ್ಲ.

ಇನ್ನು ‘ಐಸ್ ಪ್ಲಾನೆಟ್’. ಇದರ ಬಗ್ಗೆ ಅತ್ತಿಗೆಗೂ ನನಗೂ ಇನ್ನೂ ಜಗಳ ಮುಗಿದಿಲ್ಲ.

ಜಾರ್ಜಿ ಅನ್ನುವ ಹುಡುಗಿಯನ್ನೂ ಇನ್ನಷ್ಟು ಹೆಂಗಸರನ್ನೂ ಅನ್ಯಗ್ರಹದ ಕಳ್ಳರು ಮಾರುವುದಕ್ಕೆಂದು ಕದ್ದೊಯ್ಯುತ್ತಾರೆ. ಹಡಗು ಕೆಟ್ಟು ಇವರನ್ನು ಹಿಮ ತುಂಬಿದ ಗ್ರಹದಲ್ಲಿ ಬಿಟ್ಟು ಹೋಗುತ್ತಾರೆ. ಅಲ್ಲಿ ಸಿಗುವವನು ವೆಕ್ಟಲ್. ನೀಲಿ ಮೈ, ಕೊಂಬು, ಬಾಲ. ಶುರುವಿನ ಅಪಹರಣದ ಭಾಗದಲ್ಲಿ ಹೆಂಗಸರ ಮೇಲೆ ಕೆಟ್ಟ ಹಿಂಸೆ ಇದೆ, ಓದೋಕೆ ಕಷ್ಟ. ವೆಕ್ಟಲ್ ಜೊತೆಗಿನ ಮೊದಲ ಭೇಟಿಯೂ ನನಗೆ ಸರಿ ಕಾಣಲಿಲ್ಲ. ಅವಳಿಗೆ ಪೂರ್ತಿ ಎಚ್ಚರವಾಗುವ ಮೊದಲೇ ಅವನು ಮುಟ್ಟುತ್ತಾನೆ. ಅದನ್ನು ನಾನು ಕ್ಷಮಿಸಿಲ್ಲ, ಅತ್ತಿಗೆಯೂ ಕ್ಷಮಿಸಿಲ್ಲ.

ಆದರೆ ಅದಾದ ಮೇಲಿನ ನೂರು ಪುಟ ನಾನು ಓದಿದ ಎಲ್ಲ ಏಲಿಯನ್ ಪ್ರೇಮಕಥೆಗಳಲ್ಲಿ ಒಳ್ಳೆಯದು. ಕಾರಣ, ಒಬ್ಬರ ಮಾತು ಒಬ್ಬರಿಗೆ ಬರುವುದಿಲ್ಲ. ಕೈಸನ್ನೆ, ಮುಖ ನೋಡುವುದು, ತಪ್ಪು ತಿಳಿಯುವುದು, ಮತ್ತೆ ಶುರು ಮಾಡುವುದು. ಅವಳ ಹೆಸರು ಅವನ ನಾಲಿಗೆಯಲ್ಲಿ ನೆಟ್ಟಗೆ ಹೊರಳುವುದಿಲ್ಲ. ಅವನ ಜನ ಮಾಂಸವನ್ನು ಹಸಿಯಾಗಿ ತಿನ್ನುವವರು, ಇವಳಿಗೆ ಬೆಂದೇ ಆಗಬೇಕು. ಒಳ್ಳೆಯ ಊಟವನ್ನು ಯಾಕೆ ಸುಟ್ಟು ಹಾಳು ಮಾಡುತ್ತಾಳೆ ಅಂತ ಅವನಿಗೆ ಅರ್ಥವೇ ಆಗುವುದಿಲ್ಲ, ಆದರೂ ಬೆಂಕಿ ಮಾಡಿಕೊಡುತ್ತಾನೆ.

ಇದನ್ನು ಓದುವಾಗ ನನಗೆ ನೆನಪಾಗಿದ್ದು ಅತ್ತಿಗೆ ನಮ್ಮನೆಗೆ ಬಂದ ಮೊದಲ ವಾರ. ಅವರು ಉಡುಪಿ ಕಡೆಯವರು. ಕುಚ್ಚಲಕ್ಕಿ ಅನ್ನ ಉಂಡು ಬೆಳೆದವರ ತಟ್ಟೆಗೆ ನಮ್ಮಮ್ಮ ಬಿಸಿ ರಾಗಿ ಮುದ್ದೆ ಇಟ್ಟರು. ಅಗಿಯಬಾರದು, ಮುರಿದು ಸಾರಿನಲ್ಲಿ ಹೊರಳಿಸಿ ನುಂಗಬೇಕು ಅಂತ ಯಾರೂ ಹೇಳಿರಲಿಲ್ಲ. ಅತ್ತಿಗೆ ಅಗಿದರು. ಹಲ್ಲಿಗೆಲ್ಲ ಮೆತ್ತಿಕೊಂಡು ಕಣ್ಣಲ್ಲಿ ನೀರು ಬಂತು, ಆದರೂ ಏನೂ ಅನ್ನಲಿಲ್ಲ. ಅಣ್ಣ ನೋಡಿದ. ಮಾರನೇ ದಿನ ಮೈಸೂರಿಗೆ ಹೋಗಿ ಎರಡು ಕೇಜಿ ಕುಚ್ಚಲಕ್ಕಿ ತಂದು, ಬೇಯೋಕೆ ಎಷ್ಟು ಹೊತ್ತು ಬೇಕು ಅಂತ ಗೊತ್ತಿಲ್ಲದೆ ಒಲೆ ಮುಂದೆ ನಿಂತಿದ್ದ. ವೆಕ್ಟಲ್ ಬೆಂಕಿ ಮಾಡಿಕೊಡುವ ಪುಟದಲ್ಲಿ ನನಗೆ ಕಂಡಿದ್ದು ಅದೇ ಅಡುಗೆಮನೆ. ಅನ್ಯಗ್ರಹದ ಹೀರೋ ಅನ್ನುವ ಕಲ್ಪನೆ ಏನಾದರೂ ಕೆಲಸಕ್ಕೆ ಬರುವುದಿದ್ದರೆ ಇಲ್ಲಿ. ಹೊಸ ಮನೆಯಲ್ಲಿ ಎಲ್ಲವೂ ಬೇರೆ ಇರುವಾಗ ಯಾರು ಯಾರಿಗೋಸ್ಕರ ಬದಲಾಗುತ್ತಾರೆ ಅನ್ನುವುದನ್ನು ದೊಡ್ಡದು ಮಾಡಿ ತೋರಿಸೋಕೆ. ಬೇಸರ ಏನೆಂದರೆ, ಸ್ವಲ್ಪ ಹೊತ್ತಿಗೆ ಒಂದು ಹಳೆಯ ಹಡಗಿನ ಯಂತ್ರ ಬಂದು ಭಾಷೆಯ ತೊಡಕನ್ನು ಒಂದೇ ಏಟಿಗೆ ಬಿಡಿಸಿಬಿಡುತ್ತದೆ. ಇನ್ನೂ ಐವತ್ತು ಪುಟ ಅವರು ತೊದಲಬೇಕಿತ್ತು.

ಇನ್ನೊಂದು ಸಂಗತಿ, ಕುಯಿ. ಆ ಗ್ರಹದ ಗಾಳಿಯಲ್ಲಿ ಬದುಕಬೇಕಾದರೆ ಎದೆಯೊಳಗೆ ಒಂದು ಜೀವಿಯನ್ನು ಇಟ್ಟುಕೊಳ್ಳಬೇಕು. ಸರಿಯಾದ ಜೋಡಿ ಎದುರಾದರೆ ಅದು ಒಳಗೇ ಗುನುಗುತ್ತದೆ. ಗುನುಗಿದರೆ ಮುಗೀತು, ಅವರಿಬ್ಬರೇ ಜೋಡಿ, ಅವರಿಗೇ ಮಗು. ಬೇರೆ ಗ್ರಹದ ಗಾಳಿ ಹೇಗೆ ಉಸಿರಾಡುತ್ತಾಳೆ, ಎರಡು ಬೇರೆ ಜೀವಗಳಿಗೆ ಮಗು ಹೇಗೆ ಆಗುತ್ತದೆ ಅನ್ನುವ ಪ್ರಶ್ನೆಗಳನ್ನು ಹೆಚ್ಚಿನ ಪುಸ್ತಕಗಳು ಹಾರಿಸಿಬಿಡುತ್ತವೆ. ಇಲ್ಲಿ ಒಂದೇ ಜೀವಿಯಿಂದ ಎರಡಕ್ಕೂ ಉತ್ತರ ಕೊಟ್ಟಿದ್ದಾರೆ. ಅದು ಜಾಣತನ, ಒಪ್ಪುತ್ತೇನೆ.

ಆದರೆ ನನ್ನ ಪ್ರಶ್ನೆಗೆ ಬನ್ನಿ. ಇದು ನಮ್ಮ ಸಾಲಾವಳಿ ಕೂಡಿ ಬರುವ ಹಾಗೇ ಅಲ್ವಾ? ಸಾಲಾವಳಿಯಲ್ಲಿ ಕೊನೇಪಕ್ಷ ಹುಡುಗಿ ಮುಖ ಗಂಟು ಹಾಕಿಕೊಂಡು ಕೂರಬಹುದು, ಅಪ್ಪ ಅಮ್ಮ ಮನಸ್ಸು ಬದಲಾಯಿಸಬಹುದು. ಎದೆಯೊಳಗಿನ ಜೀವಿಯ ಹತ್ತಿರ ಯಾರು ಜಗಳ ಆಡೋದು? ಅತ್ತಿಗೆ ಕೊಟ್ಟ ಉತ್ತರ ನೇರವಾಗಿತ್ತು. “ಅವನು ಬಿಟ್ಟು ಹೋಗುವುದಿಲ್ಲ ಮಾರಾಯ್ತಿ. ಅದು ಮೊದಲೇ ಗೊತ್ತಿರುತ್ತದೆ. ದಿನ ಇಡೀ ದುಡಿದು ಬಂದ ಮೇಲೆ ನನಗೆ ಅಷ್ಟು ಧೈರ್ಯ ಕೊಡುವ ಕಥೆ ಬೇಕು.” ಈ ಮಾತನ್ನು ನಾನು ತಳ್ಳಿ ಹಾಕುವುದಿಲ್ಲ. ಲಕ್ಷಾಂತರ ಹೆಂಗಸರು ಇವನ್ನು ಓದುವುದು ಇದಕ್ಕೇ ಇರಬೇಕು. ಬಿಟ್ಟು ಹೋಗುವ ಭಯವೇ ಇಲ್ಲದ ಪ್ರೀತಿ ನಮ್ಮ ಸುತ್ತ ಎಷ್ಟಿದೆ?

ಐಸ್ ಪ್ಲಾನೆಟ್ ಒಂದು ಸರಣಿ. ಅದರ ಮೊದಲ ಪುಸ್ತಕದಲ್ಲಿ ಲೇಖಕಿ ಒಂದು ನ್ಯಾಯ ಮಾಡಿದ್ದಾರೆ. ಜಾರ್ಜಿಯ ಎದೆಗೆ ಆ ಜೀವಿ ಸೇರುವುದು ಕಥೆಯ ಕೊನೆಯ ಹೊತ್ತಿಗೆ. ಅಷ್ಟರಲ್ಲಿ ಅವಳು ತನ್ನದೇ ಮನಸ್ಸಿನಿಂದ ಅವನನ್ನು ಮೆಚ್ಚಿಯಾಗಿರುತ್ತದೆ. ಎರಡನೇ ಪುಸ್ತಕ ‘ಬಾರ್ಬೇರಿಯನ್ ಏಲಿಯನ್’ನಲ್ಲಿ ಇದು ತಲೆಕೆಳಗು. ರಾಹೋಶ್ ಲಿಜ್‌ಳನ್ನು ಎತ್ತಿಕೊಂಡೇ ಹೋಗುತ್ತಾನೆ, ಗುನುಗು ಮೊದಲು, ಮನಸ್ಸು ಆಮೇಲೆ. ಲಿಜ್ ಬೈಯುತ್ತಾಳೆ, ಜಗಳ ಆಡುತ್ತಾಳೆ, ಒಳ್ಳೆಯ ಪಾತ್ರ. ಆದರೂ ಅವಳ ಜಗಳಕ್ಕೆ ಬೆಲೆ ಇಲ್ಲ, ಕೊನೆ ಮೊದಲೇ ತೀರ್ಮಾನ ಆಗಿದೆ. ಸರಣಿಯಲ್ಲಿ 20ಕ್ಕೂ ಹೆಚ್ಚು ಪುಸ್ತಕ ಇವೆ. ನಾನು ನಾಲ್ಕಕ್ಕೆ ನಿಲ್ಲಿಸಿದೆ.

ತವರಿನ ವಿಷಯದಲ್ಲಂತೂ ಇದು ಬಡವಾದ ಪುಸ್ತಕ. ಅಷ್ಟು ಜನ ಹೆಂಗಸರು ಮತ್ತೆಂದೂ ಊರಿಗೆ ಹೋಗುವ ಹಾಗಿಲ್ಲ. ನಮ್ಮ ಸೂರ್ಯನಿಗೆ ತೀರಾ ಹತ್ತಿರದ ನಕ್ಷತ್ರದಿಂದ ಬೆಳಕು ಬರೋಕೇ ನಾಲ್ಕು ವರ್ಷದ ಮೇಲೆ ಬೇಕು. ಹಾಗಿರುವಾಗ ಅವರ ಅಳು ಕೆಲವೇ ಪುಟದಲ್ಲಿ ಮುಗಿಯುತ್ತದೆ. ಇಲ್ಲಿ ಅತ್ತಿಗೆಯೂ ನನ್ನ ಕಡೆ. “ಅಮ್ಮನಿಗೆ ಒಂದು ಸುದ್ದಿ ಮುಟ್ಟಿಸಲಿಕ್ಕೂ ಆಗುವುದಿಲ್ಲವಲ್ಲ” ಅಂದು ಫೋನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು.

‘ದಿ ಸ್ಟಾರ್ ಕಿಂಗ್’ ಬಗ್ಗೆ ಗಲಾಟೆ ಕಮ್ಮಿ, ನನಗೆ ಇಷ್ಟ ಜಾಸ್ತಿ. ಜ್ಯಾಸ್ ಯುದ್ಧ ವಿಮಾನದ ಪೈಲಟ್. ವಿಮಾನ ಬಿದ್ದು ಪ್ರಾಣ ಹೋಗುವ ಹೊತ್ತಿನಲ್ಲಿ ಒಬ್ಬ ಗಂಡಸನ್ನು ಕನಸಿನ ಹಾಗೆ ಕಾಣುತ್ತಾಳೆ. ಸುಮಾರು ಇಪ್ಪತ್ತು ವರ್ಷ ಕಳೆದು, ಡೈವೋರ್ಸ್ ಆಗಿ, ಮಕ್ಕಳು ದೊಡ್ಡವರಾದ ಮೇಲೆ ಭೂಮಿಗೆ ಅನ್ಯಗ್ರಹದವರು ಬರುತ್ತಾರೆ. ಅವರ ಮುಖದಲ್ಲಿ ಆ ಕನಸಿನವನ ಹೋಲಿಕೆ. ಯಾರೂ ಇವಳನ್ನು ಕದಿಯುವುದಿಲ್ಲ, ಯಾರ ಪಂದ್ಯದಲ್ಲೂ ಸೋಲುವುದಿಲ್ಲ. ತಾನೇ ಹಟ ಹಿಡಿದು, ತಾನೇ ಹಡಗು ಹತ್ತುತ್ತಾಳೆ. ಲೇಖಕಿ ಸ್ವತಃ ಅಮೆರಿಕದ ವಾಯುಪಡೆಯಲ್ಲಿ ಇದ್ದು ಆಮೇಲೆ ಪ್ರಯಾಣಿಕರ ವಿಮಾನ ಹಾರಿಸಿದವರು. ಅದು ಕಾಕ್‌ಪಿಟ್ ಬರುವ ಪುಟಗಳಲ್ಲಿ ಎದ್ದು ಕಾಣುತ್ತದೆ. ಕೈ ಎಲ್ಲಿಡಬೇಕು ಅಂತ ಬಲ್ಲವರ ಬರವಣಿಗೆ. ನಲವತ್ತು ದಾಟಿದ ಹೆಣ್ಣಿಗೆ ಆಸೆ ಇರುತ್ತದೆ ಅಂತ ಯಾವ ಮುಜುಗರವೂ ಇಲ್ಲದೆ ಬರೆದಿದ್ದಾರಲ್ಲ, ಅದು ಇನ್ನೂ ದೊಡ್ಡದು.

ಕೊರತೆ ಇಲ್ಲ ಅಂತಲ್ಲ. ರೋಮ್ ಅನ್ನುವ ಹೀರೋ ಗಡೀಪಾರಾದ ರಾಜಮನೆತನದವನು, ಮೈ ಕಣ್ಣು ಬಂಗಾರದ ಬಣ್ಣ. ಅಷ್ಟು ಬಿಟ್ಟರೆ ಪಕ್ಕದ ಬೀದಿಯವನ ಹಾಗೇ ಇದ್ದಾನೆ. ಬೇರೆ ಲೋಕದವನನ್ನು ಮುಟ್ಟುತ್ತಿದ್ದಾಳೆ ಅನ್ನುವ ಬೆರಗು ನನಗೆ ಬರಲಿಲ್ಲ. ದ್ವಿತೀಯಾರ್ಧ ಹಳೆ ಶತ್ರು, ಸಿಂಹಾಸನ ಅಂತ ಓಡುತ್ತದೆ, ಶ್ರೀರಂಗಪಟ್ಟಣದಲ್ಲಿ ಕಾವೇರಿ ಬಂದಾಗ ಪುಸ್ತಕ ಮುಚ್ಚಿ ಹೊಳೆ ನೋಡುತ್ತಾ ಕೂತೆ. ಐಸ್ ಪ್ಲಾನೆಟ್ ಓದುವಾಗ ಹೊಳೆ ನೋಡಿದ ನೆನಪಿಲ್ಲ.

ಹಾಗಾದರೆ ಯಾವುದು? ನಗಬೇಕು, ಹಳೆಯ ಕಾಲ ಹೇಗೆ ಯೋಚಿಸುತ್ತಿತ್ತು ಅಂತ ತಿಳಿಯಬೇಕು ಅಂದರೆ ಲಿಂಡ್ಸೆ, ಅದೂ ಮೊದಲರ್ಧ. ರಾತ್ರಿ ನಿದ್ದೆ ಕೆಡಿಸುವ ಓದು ಬೇಕಾದರೆ ಐಸ್ ಪ್ಲಾನೆಟ್ ಮೊದಲನೆಯದು ಮಾತ್ರ. ಒಂದೇ ಒಂದು ಓದುತ್ತೇನೆ ಅನ್ನುವವರಿಗೆ ನಾನು ಸ್ಟಾರ್ ಕಿಂಗ್ ಕೊಡುತ್ತೇನೆ. ಕನ್ನಡದಲ್ಲಿ ಪ್ರೀತಿಯ ಕಾದಂಬರಿಗೂ ಬರ ಇಲ್ಲ, ರಾಜಶೇಖರ ಭೂಸನೂರಮಠರಂಥವರು ವಿಜ್ಞಾನದ ಕಥೆಯನ್ನೂ ಬರೆದಿದ್ದಾರೆ. ಎರಡನ್ನೂ ಒಂದೇ ಒಲೆ ಮೇಲೆ ಬೇಯಿಸಿದ ಪುಸ್ತಕ ಮಾತ್ರ ನನ್ನ ಕೈಗೆ ಸಿಕ್ಕಿಲ್ಲ. ಸಿಕ್ಕಿದವರು ಹೇಳಿ, ನಾಳೆಯೇ ಓದುತ್ತೇನೆ.

ಅತ್ತಿಗೆ ಈ ವಾರ ಉಡುಪಿಯಲ್ಲಿದ್ದಾರೆ. ಹೋಗುವಾಗ ಸ್ಟಾರ್ ಕಿಂಗ್ ಚೀಲಕ್ಕೆ ಹಾಕಿ ಕಳಿಸಿದ್ದೆ. ನಿನ್ನೆ ರಾತ್ರಿ ಫೋನ್ ಮಾಡಿದರು. ದಿನಾ ಓದಿದ್ದಷ್ಟನ್ನು ಮಲಗುವಾಗ ಅವರಮ್ಮನಿಗೆ ಕಥೆಯಾಗಿ ಹೇಳುತ್ತಿದ್ದಾರಂತೆ. ಅವರಮ್ಮ ಹೀರೋ ಬಗ್ಗೆ ಏನೂ ಕೇಳೋದಿಲ್ಲವಂತೆ. “ಆ ಹೆಂಗಸು ವಾಪಸ್ ಬಂದು ಮಕ್ಕಳ ಮುಖ ನೋಡುತ್ತಾಳಾ ಇಲ್ಲವಾ, ಅಷ್ಟು ಮೊದಲು ಹೇಳು” ಅಂತ ಕೂತಿದ್ದಾರಂತೆ.