ದಿ ಪ್ಲಾಟ್‌ಫಾರ್ಮ್ ನೋಡಿದೆ, ಕಾಲುವೆ ಕೊನೆ ಭಾಗದೋರಿಗೆ ಭಾಳ ನಾಟ್ತದ

ಮೊದ್ಲ ಹೇಳಿಬಿಡ್ತೀನಿ, ಊಟ ಮಾಡ್ಕೋತ ನೋಡಬ್ಯಾಡ್ರಿ, ಮಕ್ಕಳ ಮುಂದಂತೂ ಹಚ್ಚಲೇಬ್ಯಾಡ್ರಿ. ರಕ್ತ, ಚಾಕು, ಮನಷಾರ ಮಾಂಸ ಎಲ್ಲಾ ಅದ. 2019ರ ಸ್ಪ್ಯಾನಿಷ್ ಸಿನಿಮಾ, ನೆಟ್‌ಫ್ಲಿಕ್ಸ್‌ನಾಗ ಅದ, ಒಂದೂವರೆ ತಾಸು ಅಷ್ಟ.

ಬಾವಿ ಹಂಗ ಕೆಳಗಿಳಿದ ಒಂದು ಜೈಲು, ಅಂತಸ್ತಿಗೆ ಇಬ್ರು, ನಡುವ ದೊಡ್ಡ ತೂತು. ಆ ತೂತಿನಾಗ ಮ್ಯಾಲಿಂದ ಊಟ ತುಂಬಿದ ದೊಡ್ಡ ಚಪ್ಪಡಿ ಇಳ್ಕೋತ ಬರ್ತದ, ಒಂದೊಂದು ಕಡೆ ಸ್ವಲ್ಪ ಹೊತ್ತು ನಿಲ್ತದ, ಅಷ್ಟರಾಗ ತಿಂದ್ರ ತಿಂದಂಗ, ಒಂದು ಸೇಬು ಕಿಸೆದಾಗ ಇಟ್ಕೊಂಡ್ರೂ ಖೋಲಿ ಕಾಯಾಕ ಹತ್ತತದ. ಮ್ಯಾಲಿನೋರು ಬಿಟ್ಟದ್ದ ಕೆಳಗಿನೋರಿಗೆ. ತಿಂಗಳಿಗೊಮ್ಮೆ ಗ್ಯಾಸ್ ಬಿಟ್ಟು ಮಲಗಿಸಿ ಅಂತಸ್ತು ಬದಲ ಮಾಡ್ತಾರ. ಹೀರೋ ಗೊರೆಂಗ್ ಮೊದ್ಲ ಮ್ಯಾಲಿಂದ 48ನೇ ಅಂತಸ್ತಿನಾಗ ಇರ್ತಾನ, ಮುಂದಿನ ತಿಂಗಳು 171ರಾಗ ಎಚ್ಚರ ಆದಾಗ ಜೋಡಿ ಇದ್ದ ಮುದುಕ ಅವನ್ನ ಮಂಚಕ್ಕ ಕಟ್ಟಿರ್ತಾನ. ಯಾಕ ಅಂತ ನಾ ಹೇಳಂಗಿಲ್ಲ.

ನನಗ ನಿದ್ದಿ ಕೆಡಿಸಿದ್ದು ಆ ಚಾಕು ಅಲ್ಲ. ಹೋದ ತಿಂಗಳು ಕೆಳಗ ಹಸಗೊಂಡು ಸಾಯೋ ಹಂಗ ಆದೋರ, ಈ ತಿಂಗಳು ಮ್ಯಾಲೆ ಬಂದ್ರ ಕೆಳಗಿನೋರ ಊಟಕ್ಕ ಉಗಳ್ತಾರಲ್ಲ, ಅದು. ನಮ್ಮ ಹೊಲ ರಾಯಚೂರು ಜಿಲ್ಲಾ ಸಿರವಾರ ಕಡೆ, ತುಂಗಭದ್ರಾ ಎಡದಂಡೆ ಕಾಲುವೆ ಕೊನೆ ಭಾಗ. ಮುನಿರಾಬಾದ್ ಡ್ಯಾಮಿನ್ಯಾಗ ಬಿಟ್ಟ ನೀರು ಗಂಗಾವತಿ, ಕಾರಟಗಿ, ಸಿಂಧನೂರು ದಾಟಿ ನಮ್ಮಲ್ಲಿಗೆ ಬರೂದ್ರಾಗ ಕಾಲುವಿ ತಳ ಕಾಣ್ತದ, ಹತ್ತಿ ಜೋಳ ಬೆಳೀಲಿ ಅಂತ ಮಾಡಿದ ಅಚ್ಚುಕಟ್ಟಿನಾಗ ಮ್ಯಾಲೆಲ್ಲಾ ಭತ್ತ, ಮ್ಯಾಲೆ ಅಕ್ರಮ ಮೋಟ್ರು ಬ್ಯಾರೆ. ನಮ್ಮ ಸೋದರಮಾವ ಇಲ್ಲೇ ಇದ್ದಾಗ ಗೇಜ್ (ಕಾಲುವ್ಯಾಗಿನ ನೀರಿನ ಮಟ್ಟ) ಸಲುವಾಗಿ ನಮ್ಮ ಜೋಡಿ ರಸ್ತಾದಾಗ ಕುಂತೋನು. ಆಮ್ಯಾಲೆ ಮ್ಯಾಲ್ಭಾಗದಾಗ ಹೊಲ ಲೀಸಿಗೆ ಮಾಡಿದ, ಎರಡನೇ ವರ್ಷಕ್ಕ ಅವನೂ ರಾತ್ರಿ ಕಾಲುವಿಗೆ ಪೈಪ್ ಇಳಿಸಿದ. ಕೇಳಿದ್ರ "ಎಲ್ಲಾರೂ ಹಾಕ್ಯಾರ, ನಾ ಒಬ್ಬ ತಗದ್ರ ನಿಮಗ ಮುಟ್ತದೇನು" ಅಂದ. ಕೆಟ್ಟ ಮನಷಾ ಅಲ್ಲ. ಸುಗ್ಗಿ ಆದ ಕೂಡ್ಲೆ ಎರಡು ಚೀಲ ಸೋನಾ ಮಸೂರಿ ಕಳಸ್ತಾನ, ನಾವೂ ಉಣ್ತೀವಿ.

ಸಿನಿಮಾದಾಗ ಇಮೊಗಿರಿ ಅಂತ ಒಬ್ಬಾಕಿ ಬರ್ತಾಳ, ತನಗ ಬೇಕಾದಷ್ಟ ತಿಂದು, ಕೆಳಗಿನೋರಿಗೆ ಎರಡು ಪಾಲು ತಟ್ಟಿಗೆ ಹಾಕಿಟ್ಟು ದಿನಾ ಬೇಡ್ಕೋತಾಳ, ಇಷ್ಟ ತಿನ್ರಿ, ನಿಮ್ಮ ಕೆಳಗಿನೋರಿಗೂ ಹಿಂಗ ಮಾಡಿಡ್ರಿ ಅಂತ. ಯಾರೂ ಕೇಳಂಗಿಲ್ಲ. ಕಡೀಕ ಗೊರೆಂಗ್ ಊಟದಾಗ ಹೊಲಸು ಮಾಡ್ತೀನಿ ಅಂತ ಒದರಿದ ಮ್ಯಾಲೆ ಕೇಳ್ತಾರ. ಆ ಸೀನ್ ಎರಡು ಸಲ ಹಿಂದಕ್ಕ ಹಾಕಿ ನೋಡಿದೆ. ನಮ್ಮಲ್ಲೂ ಕಾಲುವಿ ಗುಂಟ ನಿಷೇಧಾಜ್ಞೆ (ಮೊದ್ಲಿನ 144 ಸೆಕ್ಷನ್) ಹಾಕಿ ಪೊಲೀಸ್ರು ಅಡ್ಡಾಡಿದ ದಿನಾನ ನೀರು ಕೆಳಗ ಬರೂದು, ಕೈ ಮುಗದಾಗ ಅಲ್ಲ. ಹೆದರಿಸಿ ಹಂಚಿಸಿದ್ರ ಅದು ನ್ಯಾಯ ಆಗ್ತದೇನು ಅಂತ ಸಿನಿಮಾ ಕೇಳ್ತದ, ನನಗ ಉತ್ತರ ಸಿಕ್ಕಿಲ್ಲ, ಆದ್ರ ಒಣಗಿದ ಹೊಲದಾಗ ನಿಂತೋನಿಗೆ ಹೆಂಗ ಬಂತು ಅನ್ನೂದಕ್ಕಿಂತ ನೀರು ಬಂತಲ್ಲ ಅನ್ನೂದ ದೊಡ್ಡದು.

ಕ್ಲೈಮ್ಯಾಕ್ಸ್ ಮಾತ್ರ ಅರ್ಧಕ್ಕ ಬಿಟ್ಟಂಗ ಅನಿಸ್ತು, ಕಡೀ ಹದಿನೈದು ನಿಮಿಷ ಹೊಡದಾಟ ಜಾಸ್ತಿ ಆತು. ಐದಕ್ಕ ನಾಕು ಕೊಡ್ತೀನಿ. ಇಂಗ್ಲಿಷ್ ಡಬ್ ಬ್ಯಾಡ, ಸ್ಪ್ಯಾನಿಷ್ ಆಡಿಯೋನ ಇಟ್ಟು ಸಬ್‌ಟೈಟಲ್ ಓದ್ಕೋತ ನೋಡ್ರಿ. ಆ ಮುದುಕ ಮಾತಿಗೊಮ್ಮೆ "ಓಬ್ವಿಯೋ" ಅಂತಾನ, ಅದರಾಗ ಏನದ ಅನ್ನೋ ಹಂಗ. ಅಗ್ದಿ ನಮ್ಮ ಮಾವನ ರಾಗ.