ಆಮಿಶ್ ಊರು ನೋಡಲು ಲ್ಯಾಂಕಾಸ್ಟರ್‌ಗೆ ಹೋಗಬೇಕೋ, ಹೋಮ್ಸ್‌ಗೋ?

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋದವರು ಆಮಿಶ್ ಊರು ನೋಡಬೇಕು ಅಂದರೆ ಎರಡು ಜಾಗಗಳ ಹೆಸರು ಬರುತ್ತದೆ. ಆಮಿಶರು ಅಂದರೆ ಕಾರು, ಕರೆಂಟ್ ಲೈನ್ ದೂರವಿಟ್ಟು ಸರಳವಾಗಿ ಬದುಕುವ ಒಂದು ಕ್ರೈಸ್ತ ಸಮುದಾಯ. ಒಂದು ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿ (ನಮ್ಮ ಜಿಲ್ಲೆಯ ಹಾಗೆ), ಇನ್ನೊಂದು ಒಹಾಯೊದ ಹೋಮ್ಸ್ ಕೌಂಟಿ.

ಹೋಗಿಬರುವುದು ಸುಲಭ ಆಗಬೇಕಾದರೆ ಲ್ಯಾಂಕಾಸ್ಟರ್. ಫಿಲಡೆಲ್ಫಿಯಾದಿಂದ ನೇರ ರೈಲಿದೆ. ಆದರೆ ಪ್ರವಾಸಿಗರ ಗದ್ದಲ ಜಾಸ್ತಿ. ಹೋಮ್ಸ್‌ಗೆ ಕಾರು ಬೇಕೇ ಬೇಕು.

ಬೇಸಾಯ ನೋಡುವ ಆಸೆಯಿದ್ದರೆ ಲೆಕ್ಕ ಬೇರೆ. ಲ್ಯಾಂಕಾಸ್ಟರ್‌ನಲ್ಲಿ ಹೇಸರಗತ್ತೆಗಳು ಹುಲ್ಲು ಕಟ್ಟುವ ಯಂತ್ರ ಎಳೆಯುತ್ತವೆ. ಯಂತ್ರದ ಮೇಲೆ ಎಂಜಿನ್ ಇರುತ್ತದೆ! ಟ್ರ್ಯಾಕ್ಟರ್ ಕೊಟ್ಟಿಗೆ ಹತ್ತಿರ ಶಕ್ತಿ ಕೊಡಬಹುದು, ಹೊಲಕ್ಕೆ ಮಾತ್ರ ಇಳಿಯುವಂತಿಲ್ಲ. ಹಾಲು ತಂಪು ಮಾಡಲು ಡೀಸೆಲ್ ಎಂಜಿನ್ ಇದೆ, ಆದರೆ ಕರೆಂಟ್ ಲೈನ್ ಇಲ್ಲ. ವಿಚಿತ್ರ ಅನಿಸುತ್ತದೆ, ಅಲ್ವಾ? ಅವರು ಯಂತ್ರವನ್ನು ಕಂಡು ಹೆದರುವವರಲ್ಲ. ಇದರಿಂದ ಮನೆ, ನೆರೆಹೊರೆ ಏನಾಗುತ್ತದೆ ಅಂತ ಕೇಳಿ, ಸಭೆಯಲ್ಲಿ ಒಪ್ಪಿ ನಿಯಮ ಮಾಡಿಕೊಳ್ಳುತ್ತಾರೆ.

ಆ ನಿಯಮ ಎಷ್ಟು ಬಗೆ ಇದೆ ಅಂತ ಒಂದೇ ಕಡೆ ಕಾಣುವುದು ಹೋಮ್ಸ್‌ನಲ್ಲಿ. ಮನೆಯೊಳಗೆ ನಲ್ಲಿಯೂ ಬೇಡ ಅನ್ನುವ ಸ್ವಾರ್ಟ್ಜೆನ್‌ಟ್ರೂಬರ್ ಪಂಗಡ ಅಲ್ಲಿದೆ. ಅದೇ ರಸ್ತೆಯಲ್ಲಿ ಬ್ಯಾಟರಿ ಸೈಕಲ್ ಓಡಿಸುವ ಆಮಿಶರೂ ಸಿಗುತ್ತಾರೆ. ಲ್ಯಾಂಕಾಸ್ಟರ್‌ನಲ್ಲಾದರೆ ಸೈಕಲ್ ಬದಲು ಕಾಲಲ್ಲಿ ತಳ್ಳುವ ಸ್ಕೂಟರ್. ಕುದುರೆ ಗಾಡಿಯ ಬಣ್ಣವೂ ಬೇರೆ: ಅಲ್ಲಿ ಬೂದು, ಹೋಮ್ಸ್‌ನಲ್ಲಿ ಕಪ್ಪು.

ಒಂದೇ ದಿನ ಬಿಡುವಿದ್ದರೆ ಲ್ಯಾಂಕಾಸ್ಟರ್. ಎರಡು ದಿನ ಇದ್ದರೆ ನನ್ನ ಓಟು ಹೋಮ್ಸ್‌ಗೆ. ಎಲ್ಲಿಗೇ ಹೋಗಿ, ಭಾನುವಾರ ಬೇಡ, ಅವರ ಅಂಗಡಿ ಮುಚ್ಚಿರುತ್ತದೆ. ಮುಖದ ಫೋಟೋ ತೆಗೆಯಬೇಡಿ.